ಜಾಡುನಾಯಿ, ಒಲೆನಾಯಿ

ನಾನು ರಾತ್ರಿಯೆಲ್ಲ ಕುತ್ತಿಗೆಗೆ ಸುತ್ತಿಕೊಂಡು ಮಲಗಿದ ಹಳೇ ಸೀರೆಯ ತುಂಡನ್ನು ನನ್ನ ಅಕ್ಕ ಸಾಕಮ್ಮ ಬೆಳಗ್ಗೆ ಎದ್ದ ಕೂಡಲೇ ಇಸಿದುಕೊಳ್ಳುತ್ತಿದ್ದಳು. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮ ನಾಯಿ ಬೂದಿಯ ಹಗ್ಗ ಹಿಡಿದು ಹೊರಟರೆ ಬರುವುದು ಸಂಜೆಗೆ. ಕೆಲಸ ಮುಗಿದ ಮೇಲೆ ಆ ತುಂಡನ್ನು ಬೂದಿಯ ಮೂಗಿಗೆ ಹಿಡಿಯುತ್ತಿದ್ದಳು. ಬೂದಿ ನನ್ನ ವಾಸನೆ ಹಿಡಿದು, ಎಷ್ಟು ದೂರವಿದ್ದರೂ ಎಷ್ಟು ಬೀದಿ ಅಡ್ಡ ಬಂದರೂ ಅವಳನ್ನು ನನ್ನ ಮುಂದೆ ತಂದು ನಿಲ್ಲಿಸುತ್ತಿತ್ತು. ಅದಕ್ಕೆ ಮನೆ ಗೊತ್ತಿರಲಿಲ್ಲ. ನಾನಿದ್ದ ಜಾಗವೇ ಅದಕ್ಕೆ ಮನೆ.

ನಮ್ಮೂರಿನಲ್ಲಿ ಒಂದು ತಿರುವು ದಾಟಿದರೆ, ಬಿಟ್ಟು ಬಂದ ಬೀದಿ ಹಿಂದೆ ಇರುವುದಿಲ್ಲ. ತಿರುಗಿ ಹೋದರೆ ಅಲ್ಲಿ ಬೇರೆ ಬೀದಿ, ಬೇರೆ ಮನೆ, ಬೇರೆ ಬೇವಿನ ಮರ. ಅಕ್ಕಿ ತರಲು ಹೋದವರು ಸಿಕ್ಕಿದ ಅಂಗಡಿಯಲ್ಲಿ ರಾಗಿ ತಂದುಕೊಂಡು ಆ ವಾರ ಮುದ್ದೆ ಉಣ್ಣುತ್ತಾರೆ. ಮಕ್ಕಳು ಎದುರಾದ ಶಾಲೆಗೆ ಹೋಗಿ ಕೂರುತ್ತವೆ. ಮೇಷ್ಟರು ಅವತ್ತು ಬಂದವರಿಗೆ ಅವತ್ತಿನ ಪಾಠ ಹೇಳಿ ಕಳಿಸುತ್ತಾರೆ. ಮದುವೆ ಚಪ್ಪರಕ್ಕೆ ಯಾರು ಬಂದರೆ ಅವರೇ ನೆಂಟರು, ಹೆಣ ಹೊರಲು ಯಾರು ಸಿಕ್ಕಿದರೆ ಅವರೇ ಬಂಧುಗಳು. ಇದರಲ್ಲಿ ಕಷ್ಟವೇನಿದೆ ಎಂದು ನಮ್ಮವರು ಕೇಳಿಯಾರು. ನಾಯಿ ಇದ್ದರೆ ಸಾಕು, ಬದುಕು ನಡೆಯುತ್ತದೆ.

ನಾಯಿಗಳಲ್ಲಿ ಎರಡು ಜಾತಿ. ಒಲೆನಾಯಿ ಗಿಡ್ಡ, ಕಂದು ಬಣ್ಣ, ಜೋಲು ಕಿವಿ. ತಾಯಿಯ ಹಾಲು ಬಿಟ್ಟ ಮೇಲೆ ಮೊದಲ ತುತ್ತು ಯಾವ ಮನೆಯಲ್ಲಿ ತಿಂದಿತೋ ಆ ಮನೆಯನ್ನು ಸಾಯುವ ತನಕ ಮರೆಯುವುದಿಲ್ಲ. ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ, ಹೊತ್ತು ಇಳಿದ ಮೇಲೆ ಅದು ಮನೆ ಕಡೆ ಬಿಟ್ಟು ಬೇರೆ ಕಡೆ ಹೆಜ್ಜೆ ಇಡುವುದಿಲ್ಲ. ಆದರೆ ಇಂಥವರ ಹತ್ತಿರ ಕರೆದುಕೊಂಡು ಹೋಗು ಎಂದರೆ ಅದಕ್ಕೆ ತಿಳಿಯದು. ಜಾಡುನಾಯಿ ಎತ್ತರ, ಬೂದು ಬಣ್ಣ, ಹೊಟ್ಟೆ ಬೆನ್ನಿಗೆ ಹತ್ತಿದಂತಿರುತ್ತದೆ. ದಿನಾ ಓಡಾಡಿಸದಿದ್ದರೆ ಗೋಡೆ ಕೆರೆಯುತ್ತದೆ. ಯಾರ ಮೈಮೇಲಿನ ಬಟ್ಟೆ ತೋರಿಸಿದರೂ ಅವರ ಹತ್ತಿರ ಕರೆದೊಯ್ಯುತ್ತದೆ, ಬಟ್ಟೆ ಮೈಯಿಂದ ಬಿಚ್ಚಿ ಹೆಚ್ಚು ಹೊತ್ತಾಗಿರಬಾರದು ಅಷ್ಟೇ. ಒಂದು ಹಗಲು ಒಂದು ರಾತ್ರಿ ಕಳೆದರೆ ಬಟ್ಟೆಯಲ್ಲಿ ಆಳಿನ ವಾಸನೆ ಸತ್ತುಹೋಗುತ್ತದೆ. ಎರಡು ಜಾತಿಯನ್ನೂ ಒಂದೇ ಸೂರಿನಡಿ ಕಟ್ಟುವಂತಿಲ್ಲ. ಕಟ್ಟಿದರೆ ಎರಡೂ ಅನ್ನ ಬಿಡುತ್ತವೆ.

ಹಾಗಾಗಿ ನಾಯಿ ಆರಿಸುವವರು ಮೊದಲು ತಮ್ಮ ಬದುಕು ಎಂಥದ್ದೆಂದು ನೋಡಿಕೊಳ್ಳಬೇಕು. ಒಂಟಿಯಾಗಿರುವವರಿಗೆ, ಹೊರಗೆ ಹೋಗಿ ಸಿಕ್ಕಿದ್ದು ಮಾಡಿ ಬರುವವರಿಗೆ ಒಲೆನಾಯಿ. ಇಂಥವರನ್ನೇ ನೋಡಬೇಕಾದ ಕೆಲಸದವರಿಗೆ, ಅಂದರೆ ಅಂಚೆಯವನು, ವೈದ್ಯ, ಸೂಲಗಿತ್ತಿ ಇಂಥವರಿಗೆ, ಜಾಡುನಾಯಿ. ಜಾಡುನಾಯಿ ಸಾಕಿದ ಮನೆಯಲ್ಲಿ ಮಾತ್ರ ಒಬ್ಬರು ಕೂತೇ ಇರಬೇಕು, ಹೋದವರು ವಾಪಸ್ಸು ಬರಲು.

ಅಕ್ಕ ಸೂಲಗಿತ್ತಿ. ಮೊದಲು ಅಮ್ಮ ಕೂತಿದ್ದಳು. ಅಮ್ಮ ತೀರಿಕೊಂಡ ಮೇಲೆ ನಾನು ಕೂತೆ. ಆಗ ನನಗೆ ಇನ್ನೂ ಲಂಗ ದಾವಣಿಯ ವಯಸ್ಸು. ಬಸುರಿಯರು ತಿಂಗಳು ತುಂಬುತ್ತಾ ಬಂದಾಗ ಅಕ್ಕ ದಿನಾ ಅವರ ಮನೆಗೆ ಹೋಗಿ, ಹೊಟ್ಟೆ ಮುಟ್ಟಿ ನೋಡಿ, ನಾಳೆಗೆಂದು ಅವರ ಮೈಮೇಲಿನ ಬಟ್ಟೆಯ ಚೂರು ಇಸಿದುಕೊಂಡು ಬರುತ್ತಿದ್ದಳು. ಒಂದು ದಿನ ತಪ್ಪಿದರೆ ಆ ಹೆಂಗಸು ಕೈತಪ್ಪಿದ ಹಾಗೆ. ಜ್ವರ ಬಂದರೂ ಅಕ್ಕ ತಪ್ಪಿಸುತ್ತಿರಲಿಲ್ಲ. ನಾನು ಅಡಿಗೆ ಮಾಡಿ, ಬಟ್ಟೆ ಒಗೆದು, ಹೊಸಿಲ ಮೇಲೆ ಕೂತು, ಎದುರಿಗೆ ಬಂದು ಬಂದು ಹೋಗುವ ಬೀದಿಗಳನ್ನು ನೋಡುತ್ತಿದ್ದೆ. ಬೆಳಗ್ಗೆ ಇದ್ದ ಎದುರುಮನೆ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಯಾವ ನೆರೆಯವಳ ಜೊತೆಗೂ ನನಗೆ ಎರಡನೇ ಸಲ ಮಾತು ಬೆಳೆಯಲಿಲ್ಲ. ಬೀದಿಯ ಕೊನೆಯಲ್ಲೊಂದು ತಿರುವು ಯಾವಾಗಲೂ ಇರುತ್ತಿತ್ತು. ಅದರ ಆಚೆ ಏನಿದೆ ಎಂಬುದನ್ನು ನಾನು ಅಕ್ಕನ ಬಾಯಲ್ಲಿ ಕೇಳಿದ್ದೆ, ಅಷ್ಟೇ.

ಬೂದಿಗೆ ವಯಸ್ಸಾಯಿತು. ಹಿಂಗಾಲು ಎಳೆಯತೊಡಗಿತು. ಅಕ್ಕ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದಳು. ಹೊಸ ನಾಯಿ ಬೇಕಾದ ಮನೆಯವರು ಹಾಗೆ ಕಟ್ಟುತ್ತಾರೆ. ನಾಯಿ ಮಾರುವ ಕರಿಬಸಪ್ಪ ಯಾವತ್ತಾದರೂ ಆ ಬೀದಿಗೆ ಬಂದರೆ ನೋಡಿ ಒಳಗೆ ಬರುತ್ತಾನೆ. ಬಂದ ದಿನ ಅಕ್ಕ ಮನೆಯಲ್ಲಿರಲಿಲ್ಲ. ಹೆಗಲ ಮೇಲಿನ ಅಡ್ಡೆಯನ್ನು ಇಳಿಸಿ, ಎರಡು ಬುಟ್ಟಿಗಳನ್ನು ಜಗುಲಿಯ ಮೇಲಿಟ್ಟು, ಒಂದು ಚೊಂಬು ನೀರು ಕುಡಿದು ಅವನು ಕಾಯುತ್ತಾ ಕೂತ. ಒಂದು ಬುಟ್ಟಿಯಲ್ಲಿ ಬೂದು ಮರಿ, ಇನ್ನೊಂದರಲ್ಲಿ ಕಂದು ಮರಿ. ಬೂದು ಮರಿ ನನ್ನ ಕಾಲು, ಕೈ, ಸೆರಗು ಎಲ್ಲವನ್ನೂ ಮೂಸಿ ನೋಡಿತು. ಕಂದು ಮರಿ ಕಣ್ಣು ಬಿಟ್ಟು ನಮ್ಮ ಒಲೆಯ ಕಡೆ ನೋಡಿ ಮತ್ತೆ ಮಲಗಿತು. ಎಲ್ಲ ಮನೆಯಲ್ಲೂ ಕೇಳುವುದನ್ನೇ ಅವನು ನನಗೂ ಕೇಳಿದ: ಹೋಗುವವರು ಯಾರು, ಕೂರುವವರು ಯಾರು. ಹೋಗುವವಳು ಅಕ್ಕ, ಕೂರುವವಳು ನಾನು ಎಂದೆ. ಹಾಗಾದರೆ ಯೋಚನೆ ಮಾಡುವುದೇನಿದೆ, ಬೂದು ಮರಿಯೇ ಸರಿ ಎಂದ. ನಾನೂ ಹೌದೆಂದೆ.

ಅಕ್ಕ ಸಂಜೆ ಬಂದು, ಕಾಲು ತೊಳೆದುಕೊಂಡು, ಎರಡೂ ಮರಿಗಳನ್ನು ಬಹಳ ಹೊತ್ತು ನೋಡಿದಳು. ಬೂದಿ ಅಂಗಳದಲ್ಲಿ ಏದುಸಿರು ಬಿಡುತ್ತಾ ಬಿದ್ದುಕೊಂಡಿತ್ತು.

"ಚೆಲುವಿ, ನಿನಗೆ ಯಾವುದು ಬೇಕು?" ಎಂದಳು.

ನಿನ್ನ ಕೆಲಸಕ್ಕೆ ಆಗುವಂಥದ್ದು ಎಂದೆ.

"ನನ್ನ ಕೆಲಸದ ಮಾತು ಬಿಡು. ನಿನಗೆ ಅಂತ ಕೇಳ್ದೆ."

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದದ್ದು ಬಂದುಬಿಟ್ಟಿತು. "ನಂಗೆ ಒಂದು ಸಲ ಆ ತಿರುವು ದಾಟಿ ನೋಡ್ಬೇಕು ಅಕ್ಕ" ಎಂದೆ.

ಅಕ್ಕ ಒಳಗೆ ಹೋಗಿ ಅನ್ನದ ಉಂಡೆ ಮಾಡಿಕೊಂಡು ಬಂದಳು. ಬೂದು ಮರಿ ಬುಟ್ಟಿಯಿಂದ ಮುಂಗಾಲು ಹೊರಗಿಟ್ಟು ಎದ್ದು ನಿಂತಿತು. ಅವಳು ಅದರ ತಲೆ ಸವರಿ, ಪಕ್ಕಕ್ಕೆ ಬಾಗಿ, ಕಂದು ಮರಿಯ ಬಾಯಿಗೆ ಉಂಡೆ ಇಟ್ಟಳು. ಕರಿಬಸಪ್ಪ ಬೂದು ಮರಿಯ ಬುಟ್ಟಿಗೆ ಮುಚ್ಚಳ ಹಾಕಿ ಹೊರಟ. ಅವನು ತಿರುವು ದಾಟುವ ಮುಂಚೆ ಕೂಗಿ ಕರೆ, ಬದಲಾಯಿಸಿಕೊಳ್ಳೋಣ ಎಂದು ನಾನು ಅಕ್ಕನ ಕೈ ಹಿಡಿದು ಜಗ್ಗಿದೆ. ಬಸುರಿಯರ ಗತಿ ಏನು ಎಂದೆ.

"ಅಮ್ಮ ಈ ಹೊಸಿಲ ಮೇಲೆ ಕೂತೇ ಸತ್ಲು" ಎಂದಳು ಅಕ್ಕ. "ನೀನೂ ಕೂತು ಸಾಯೋದು ಬೇಡ."

ಅವತ್ತಿನಿಂದ ಬೂದಿ ಹೊರಗೆ ಜಗುಲಿಯ ಮೇಲೆ, ಮರಿ ಒಳಗೆ ಒಲೆಯ ಪಕ್ಕ. ಮರಿಗೆ ಕೆಂಚಿ ಎಂದು ಹೆಸರಿಟ್ಟೆವು. ಬೂದಿಗೆ ಎಲ್ಲ ಗೊತ್ತಾಗಿತ್ತು. ಅಕ್ಕನ ಕೈಯಿಂದ ಮಾತ್ರ ಒಂದೆರಡು ತುತ್ತು ತಿನ್ನುತ್ತಿತ್ತು. ಹಿಡಿದ ಬಸುರಿಯರನ್ನು ಮಾತ್ರ ಬಿಡಲಾರೆ, ಅವರ ಹೆರಿಗೆಗಳು ಮುಗಿಯಲಿ, ಆಮೇಲೆ ಹೊಸಬರನ್ನು ಒಪ್ಪುವುದಿಲ್ಲ, ಇಬ್ಬರೂ ಕೆಂಚಿಯ ಹಗ್ಗ ಹಿಡಿದು ಊರು ಸುತ್ತೋಣ ಎಂದು ಅಕ್ಕ ಹೇಳಿದಳು. ಅಲ್ಲಿಯ ತನಕ ನಾನು ಕೂತಿರಬೇಕು. ಕೂತೆ. ಒಂದೊಂದೇ ಹೆರಿಗೆ ಆಗುತ್ತಾ ಬಂತು. ದಾರಿಯಲ್ಲಿ ಹೊಸ ಬಸುರಿಯರು ಬಾಗಿಲಲ್ಲಿ ನಿಂತು ಕರೆದರೆ ಅಕ್ಕ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದಳಂತೆ. ಅಂಥ ದಿನ ಮನೆಗೆ ಬಂದರೆ ತಟ್ಟೆಯ ಮುಂದೆ ಕೂತು ಅನ್ನ ಕಲೆಸುತ್ತಲೇ ಇರುತ್ತಿದ್ದಳು, ಬಾಯಿಗಿಡುತ್ತಿರಲಿಲ್ಲ. ನಾನು ಕೆಂಚಿಯ ಜೊತೆ ಅಂಗಳದಲ್ಲಿ ಸುತ್ತು ಹಾಕುವುದನ್ನು ನೋಡಿದರೆ ಮಾತ್ರ ಅವಳ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ಕೊನೆಗೆ ಉಳಿದವಳು ಜವರಮ್ಮ. ಆಕೆಗೆ ಹಿಂದಿನ ಎರಡು ಮಕ್ಕಳೂ ಉಸಿರಿಲ್ಲದೆ ಹುಟ್ಟಿದ್ದವು. ಮೂರನೆಯದನ್ನು ಉಳಿಸಿಕೊಡುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಳು. ಒಂದು ಬೆಳಗ್ಗೆ ನನ್ನ ಕುತ್ತಿಗೆಯ ಬಟ್ಟೆ ಇಸಿದುಕೊಂಡು, ಇವತ್ತೋ ನಾಳೆಯೋ ಆಗುತ್ತದೆ, ಸಾರಿಗೆ ಹುಣಸೆ ಕಡಿಮೆ ಹಾಕು ಎಂದು ಹೇಳಿ ಹೋದಳು. ಬೂದಿ ಮೂರು ಕಾಲಿನಲ್ಲಿ ನಡೆಯುತ್ತಿತ್ತು. ಅವಳು ಅದರ ನಡಿಗೆಗೆ ತಕ್ಕಂತೆ ನಿಧಾನವಾಗಿ ನಡೆದಳು. ತಿರುವಿನಲ್ಲಿ ಮರೆಯಾದಳು. ಸಂಜೆಗೆ ಬರಲಿಲ್ಲ.

ಮರುದಿನವೂ ಬರಲಿಲ್ಲ. ಅವಳ ಸೊಂಟದಲ್ಲಿದ್ದ ನನ್ನ ಬಟ್ಟೆ ಸತ್ತಿತೆಂದು ನನಗೆ ಗೊತ್ತಾಯಿತು. ಇನ್ನು ಕೂತು ಪ್ರಯೋಜನವಿರಲಿಲ್ಲ. ಕೆಂಚಿಯ ಕುತ್ತಿಗೆಗೆ ಹಗ್ಗ ಕಟ್ಟಿ, ಅಕಸ್ಮಾತ್ ಅಕ್ಕ ಈ ಬೀದಿಗೆ ಬಂದರೆ ಇರಲಿ ಎಂದು ಬಾಗಿಲಿಗೆ ಬೀಗ ಹಾಕದೆ ಹೊರಟೆ. ಅಷ್ಟು ವರ್ಷ ನೋಡಿಕೊಂಡು ಕೂತಿದ್ದ ತಿರುವನ್ನು ದಾಟಿದೆ. ಆಚೆ ಒಂದು ಹಿಟ್ಟಿನ ಗಿರಣಿ, ಒಂದು ಕೊಳಾಯಿ, ಬಿಂದಿಗೆ ಹಿಡಿದು ನಿಂತ ಹೆಂಗಸರು. ಇಷ್ಟೇ. ಹಿಂದಿರುಗಿ ನೋಡಿದೆ. ನಮ್ಮ ಬೀದಿ ಇರಲಿಲ್ಲ. ಕೆಂಚಿಯ ಹಗ್ಗ ಕೈಗೆ ಸುತ್ತಿಕೊಂಡು ಕೊಳಾಯಿಯ ಹತ್ತಿರ ಹೋದೆ. ಸಾಕಮ್ಮನನ್ನು ಕಂಡಿರಾ, ಸೂಲಗಿತ್ತಿ ಸಾಕಮ್ಮನನ್ನು ಕಂಡಿರಾ ಎಂದು ಆ ಹೆಂಗಸರನ್ನು ಕೇಳಿದೆ. ಇಲ್ಲ ಎಂದರು. ಅವತ್ತು ಹೊತ್ತು ಮುಳುಗುವ ತನಕ ಕೇಳಿದೆ. ಆಮೇಲೆ ಕೆಂಚಿ ಹಗ್ಗ ಎಳೆಯಿತು. ನೆಟ್ಟಗೆ ಮನೆಗೆ ಕರೆತಂದಿತು.

ಹೀಗೆ ದಿನಾ ಹೋದೆ. ನನ್ನಷ್ಟು ಊರು ನೋಡಿದವರು ಯಾರೂ ಇರಲಿಕ್ಕಿಲ್ಲ. ನೇಕಾರರ ಬೀದಿ, ಕುಂಬಾರರ ಬೀದಿ, ಬರೀ ಕುರುಡರೇ ಇರುವ ಒಂದು ಓಣಿ, ನೀರಿಲ್ಲದ ಕಟ್ಟೆಯಲ್ಲಿ ಬಟ್ಟೆ ಒಣಹಾಕುವ ಕೇರಿ, ಎಲ್ಲ ನೋಡಿದೆ. ಯಾವುದೂ ಕಣ್ಣಿಗೆ ಹತ್ತಲಿಲ್ಲ. ಯಾವ ಬೀದಿಗೆ ಹೋದರೂ ಮೊದಲು ಹೆಂಗಸರ ಬೆನ್ನುಗಳನ್ನು ನೋಡುತ್ತಿದ್ದೆ. ಅಕ್ಕನದು ಸ್ವಲ್ಪ ಎಡಕ್ಕೆ ವಾಲಿದ ಬೆನ್ನು.

ಬಹಳ ತಿಂಗಳಾದ ಮೇಲೆ ಒಂದು ಮನೆಯ ಮುಂದೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆಯುತ್ತಿದ್ದ ಹೆಂಗಸನ್ನು ಎಂದಿನಂತೆ ಕೇಳಿದೆ. ಅವಳು ಚೊಂಬು ಕೆಳಗಿಟ್ಟು ನನ್ನ ಮುಖ ನೋಡಿದಳು. ಅವಳೇ ಜವರಮ್ಮ. ಕೂಸಿಗೆ ನೀರು ಹಾಕಿ, ಬಟ್ಟೆ ಸುತ್ತಿ, ನನ್ನನ್ನು ಒಳಗೆ ಕೂರಿಸಿ ಎಲ್ಲ ಹೇಳಿದಳು. ಆ ಬೆಳಗ್ಗೆ ಬೂದಿ ಅಕ್ಕನನ್ನು ಅವರ ಬಾಗಿಲ ತನಕ ತಂದು, ಮೆಟ್ಟಿಲಿಗೆ ತಲೆಯಿಟ್ಟು ಸತ್ತಿತಂತೆ. ಅಕ್ಕ ಅದರ ಕಣ್ಣು ಮುಚ್ಚಿ ಒಳಗೆ ಬರುವ ಹೊತ್ತಿಗೆ ಜವರಮ್ಮನಿಗೆ ನೋವು ಶುರುವಾಗಿತ್ತು. ಗಂಡ ಹೊರಗೋಡಿ, ಅದೃಷ್ಟಕ್ಕೆ ಒಬ್ಬ ಅಂಚೆಯವನನ್ನು ಅವನ ಜಾಡುನಾಯಿಯ ಸಮೇತ ಹಿಡಿದುಕೊಂಡು ಬಂದ. ತಂಗಿಯ ಬಟ್ಟೆ ಇನ್ನೂ ಜೀವಂತವಿದೆ, ಈಗಲೇ ಹೊರಟರೆ ಮನೆ ಸಿಗುತ್ತದೆ ಎಂದು ಅಂಚೆಯವನು ಹೇಳಿದನಂತೆ. ಕೂಸು ಅಡ್ಡ ತಿರುಗಿತ್ತು. ಅಂಚೆಯವನು ಸ್ವಲ್ಪ ಹೊತ್ತು ಕಾದ. ಅವನ ಚೀಲದಲ್ಲೂ ಅವತ್ತೇ ಮುಟ್ಟಿಸಬೇಕಾದ ಮನೆಗಳ ಬಟ್ಟೆಗಳಿದ್ದವು. ಹೋದ.

"ನಾನೇ ಹೇಳ್ದೆ ಕಣವ್ವ, ನೀನು ಹೋಗಕ್ಕ, ನನ್ನ ಹಣೆಬರಹ ಇದ್ದಂಗಾಗ್ಲಿ ಅಂತ" ಎಂದಳು ಜವರಮ್ಮ. "ಕೈ ಬಿಡ್ಲಿಲ್ಲ. ಆ ಹಗಲು, ಆ ರಾತ್ರಿ, ಮಾರನೇ ದಿನ ಮಧ್ಯಾಹ್ನದವರೆಗೂ ನನ್ನ ಕೈ ಬಿಡ್ಲಿಲ್ಲ."

ಮಗು ಹೆಣ್ಣು. ಎತ್ತಿಕೋ ಎಂದಳು, ಎತ್ತಿಕೊಂಡೆ. ಬೆಚ್ಚಗಿತ್ತು, ಸೀಗೆಯ ವಾಸನೆ ಬರುತ್ತಿತ್ತು. ಅದರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದೆ. ಆಗಲಿಲ್ಲ. ನಮ್ಮಲ್ಲೇ ಇದ್ದುಬಿಡು ಎಂದು ಅವರು ಅಕ್ಕನನ್ನು ಬೇಡಿಕೊಂಡಿದ್ದರಂತೆ. ಕೆಲವು ದಿನ ಇದ್ದು, ಬಾಣಂತಿ ಎದ್ದು ಓಡಾಡಿದ ಮೇಲೆ ಹೊರಟುಹೋದಳಂತೆ.

ಅಲ್ಲಿಂದ ಮುಂದೆ ಅಕ್ಕನ ಸುದ್ದಿ ಆಗಾಗ ಸಿಗತೊಡಗಿತು. ನಾಯಿಯಿಲ್ಲದೆ ಓಡಾಡುವ ಒಬ್ಬ ಸೂಲಗಿತ್ತಿ ಇದ್ದಾಳೆ, ಎಲ್ಲಿ ನರಳುವ ಸದ್ದು ಕೇಳಿದರೆ ಅಲ್ಲಿ ಒಳಗೆ ಹೋಗುತ್ತಾಳೆ, ಹೆರಿಗೆ ಮಾಡಿಸಿ ಒಂದು ಹೊತ್ತು ಉಂಡು ಹೋಗುತ್ತಾಳೆ ಎಂದು ಹೇಳುತ್ತಿದ್ದರು. ಯಾವಾಗ ಎಂದರೆ ಹೋದ ತಿಂಗಳು, ಹಬ್ಬದ ಹಿಂದೆ ಮುಂದೆ, ಹೀಗೆ. ಅವಳು ಬದುಕಿದ್ದಾಳೆಂಬ ಸಂತೋಷ ಒಂದೆರಡು ದಿನ ಇರುತ್ತಿತ್ತು, ಆಮೇಲೆ ಅದೂ ಒಂದು ನೋವಾಗಿ ಉಳಿಯುತ್ತಿತ್ತು.

ಒಂದು ದಿನ ಇಳಿಹೊತ್ತಿನಲ್ಲಿ ಬಳೆಗಾರರ ಬೀದಿಯಲ್ಲಿ ಬಾಣಂತಿಯ ಮನೆಯೊಂದಕ್ಕೆ ಹೋದೆ. ಸೂಲಗಿತ್ತಿ ಈಗ ತಾನೇ ಊಟ ಮಾಡಿ ಹೋದಳು, ಅವಳು ಉಂಡ ತಟ್ಟೆ ಇನ್ನೂ ತೊಳೆದಿಲ್ಲ ಎಂದರು. ಕೈ ಒರೆಸಿಕೊಂಡು ಮರೆತು ಬಿಟ್ಟುಹೋಗಿದ್ದ ಅವಳ ಹೆಗಲ ಬಟ್ಟೆ ಗೂಟದ ಮೇಲಿತ್ತು. ಎತ್ತಿಕೊಂಡೆ. ಅಕ್ಕನ ಬೆವರಿನ ವಾಸನೆ ನನ್ನ ಮೂಗಿಗೂ ಬಂತು. ಕೆಂಚಿಯ ಮೂಗಿಗೆ ಹಿಡಿದೆ. ಗೊತ್ತಿತ್ತು, ಆದರೂ ಹಿಡಿದೆ. ಅದು ಬಟ್ಟೆಯನ್ನು ನೆಕ್ಕಿ ಬಾಲ ಅಲ್ಲಾಡಿಸಿತು. ಅಕ್ಕನ ಕೈಯಿಂದ ಮೊದಲ ತುತ್ತು ತಿಂದ ನಾಯಿಗೆ ಅವಳ ನೆನಪಿತ್ತೋ ಏನೋ. ದಾರಿ ಮಾತ್ರ ಗೊತ್ತಿರಲಿಲ್ಲ.

ಬೀದಿಗೆ ಓಡಿ ಬಂದು ಜಾಡುನಾಯಿ ಇರುವವರು ಯಾರಾದರೂ ಇದ್ದಾರಾ ಎಂದು ಮನೆ ಮನೆಯ ಬಾಗಿಲು ಬಡಿದೆ. ಇರಲಿಲ್ಲ. ಹೊತ್ತು ಇಳಿಯುತ್ತಿತ್ತು. ಕೆಂಚಿ ಆಗಲೇ ಮನೆಯ ಕಡೆ ಮುಖ ಮಾಡಿ ಎಳೆಯತೊಡಗಿತು. ನಾನು ಬೀದಿಯ ಆ ತುದಿಯತ್ತ ಎಳೆದರೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತು. ಎತ್ತಿಕೊಂಡರೆ ಕೈಯೊಳಗೆ ಕೊಸರಾಡಿ ಕೂಗಿತು. ಅಕ್ಕ ಒಂದು ತಿರುವಿನ ಆಚೆ ಇರಬಹುದು, ಎರಡು ತಿರುವಿನ ಆಚೆ ಇರಬಹುದು. ಮನೆಗೆ ಹೋದರೆ ನಾಳೆ ಮತ್ತೆ ಮೊದಲಿನಿಂದ. ನಾನು ಹಗ್ಗ ಬಿಟ್ಟೆ.

ಕೆಂಚಿ ಸ್ವಲ್ಪ ದೂರ ಓಡಿ, ನಿಂತು, ತಿರುಗಿ ನೋಡಿತು. ಬಾ ಎಂಬಂತೆ ಒಂದು ಸಲ ಬೊಗಳಿತು. ನಾನು ಬೆನ್ನು ಮಾಡಿ ಓಡಿದೆ. ಅಕ್ಕಾ ಎಂದು ಕೂಗುತ್ತಾ ತಿರುವು ದಾಟಿದೆ, ಇನ್ನೊಂದು ದಾಟಿದೆ. ಒಂದೆಡೆ ಎಡಕ್ಕೆ ವಾಲಿದ ಬೆನ್ನು ಕಂಡು ಹೆಗಲು ಹಿಡಿದು ತಿರುಗಿಸಿದೆ. ಯಾರೋ ಮುದುಕಿ, ಹೆದರಿ ನನ್ನನ್ನು ಬೈದಳು. ಕತ್ತಲಾಗುವ ತನಕ ಹುಡುಕಿದೆ. ಸಿಗಲಿಲ್ಲ.

ಈಗ ನನಗೆ ನಾಯಿಯೂ ಇಲ್ಲ, ಮನೆಯೂ ಇಲ್ಲ. ಮನೆಯಿಲ್ಲದವರಿಗೆ ಯಾವ ಜಾತಿಯ ನಾಯಿಯನ್ನೂ ಕೊಡುವುದಿಲ್ಲ. ಸಿಕ್ಕಿದ ಮನೆಯಲ್ಲಿ ಪಾತ್ರೆ ತಿಕ್ಕುತ್ತೇನೆ, ಅಕ್ಕಿ ಆರಿಸಿಕೊಡುತ್ತೇನೆ, ಜಗುಲಿಯ ಮೇಲೆ ಮಲಗುತ್ತೇನೆ. ಹೆರಿಗೆ ಮನೆಗಳಲ್ಲಿ ಕೇಳುವುದನ್ನು ಬಿಟ್ಟಿರಲಿಲ್ಲ. ಆದರೆ ಕೆಲವು ಕಾಲದಿಂದ ಆ ಸೂಲಗಿತ್ತಿಯ ಸುದ್ದಿಯೇ ನಿಂತುಹೋಗಿತ್ತು. ಸತ್ತಳೆಂದುಕೊಂಡೆ. ಅತ್ತು ಮುಗಿಸಿದೆ.

ಹೋದ ವಾರ ಒಂದು ಮರದ ಕೆಳಗೆ ಹೂವು ಮಾರುವ ಮುದ್ದಮ್ಮ ಎಂಬಾಕೆಯ ಪಕ್ಕ ಕೂತು ಅವಳಿಗೆ ಹೂ ಕಟ್ಟಿಕೊಡುತ್ತಿದ್ದೆ. ಮಾತಿಗೆ ಮಾತು ಬಂದು ನನ್ನ ಹೆಸರು ಕೇಳಿದಳು. ಚೆಲುವಿ ಎಂದೆ. ಅವಳ ಕೈ ನಿಂತಿತು. ಸಾಕಮ್ಮನ ತಂಗಿ ಚೆಲುವಿಯಾ ಎಂದಳು.

ಯಾವುದೋ ಬೀದಿಯಲ್ಲಿ ಒಬ್ಬಳು ಹೆಂಗಸು ಹೊಸಿಲ ಮೇಲೆ ಕೂತು, ಹೋಗಿ ಬರುವವರನ್ನೆಲ್ಲ ಕರೆದು ನನ್ನ ತಂಗಿಯನ್ನು ಕಂಡಿರಾ ಎಂದು ಕೇಳುತ್ತಿದ್ದಳಂತೆ. ಅದಕ್ಕೂ ಮುಂಚೆ ಒಂದು ದಿನ ಅವಳು ಹೀಗೇ ನಡೆಯುತ್ತಾ ತನ್ನ ಮನೆಯ ಮುಂದೆಯೇ ಬಂದು ನಿಂತಿದ್ದಳಂತೆ. ಬಾಗಿಲು ತೆರೆದಿತ್ತು, ಒಳಗೆ ಕಂದು ನಾಯಿಯೊಂದು ಒಣಗಿ ಬಿದ್ದುಕೊಂಡಿತ್ತು. ಅದಕ್ಕೆ ಅನ್ನ ಹಾಕಿ ಬದುಕಿಸಿಕೊಂಡಳು. ಒಲೆನಾಯಿ ಇದೆಯಲ್ಲ, ಹೊರಗೆ ಹೋಗಿ ಹುಡುಕಬಾರದೇ ಎಂದು ಮುದ್ದಮ್ಮನೇ ಕೇಳಿದಳಂತೆ.

"ಹೋಗಲ್ಲ ಅಂದ್ಲು ಕಣಮ್ಮ" ಎಂದಳು ಮುದ್ದಮ್ಮ. "ನಾನು ಹೋದಾಗ ಅವ್ಳು ಬಂದ್ಬಿಟ್ರೆ ಏನ್ ಮಾಡ್ಲಿ ಅಂದ್ಲು. ಪಕ್ಕದ ಮನೇಲಿ ಒಬ್ಳು ಹೆರಿಗೆ ನೋವಲ್ಲಿ ಕೂಗ್ತಿದ್ಲು, ಅದಕ್ಕೂ ಏಳ್ಲಿಲ್ಲ."

ಆ ಬೀದಿ ಹೇಗಿತ್ತು, ಎದುರಿಗೆ ಏನಿತ್ತು, ಅಲ್ಲಿಗೆ ಬರುವ ಮುಂಚೆ ಯಾವ ಕಡೆಯಿಂದ ಬಂದೆ ಎಂದು ಕೇಳಲಿಲ್ಲ. ನಮ್ಮೂರಿನಲ್ಲಿ ಅಂಥ ಪ್ರಶ್ನೆಗೆ ಅರ್ಥವಿಲ್ಲ. ಕೈಯಲ್ಲಿದ್ದ ಮೊಗ್ಗುಗಳನ್ನು ಎರಡೆರಡಾಗಿ ಜೋಡಿಸಿ ಗಂಟು ಹಾಕುತ್ತಾ ಹೋದೆ. ಕೊನೆಗೆ, ನಮ್ಮಕ್ಕನ ಕೂದಲು ನೆರೆತಿದೆಯಾ ಎಂದು ಕೇಳಿದೆ.

ಮುದ್ದಮ್ಮ ನೆನಪು ಮಾಡಿಕೊಂಡಳು. ಆಮೇಲೆ, ಸೆರಗು ಹೊದ್ದು ಕೂತಿದ್ದಳು, ಕಾಣಲಿಲ್ಲ ಎಂದಳು.